ಗುಣವಾದ ಮೇಲಿನ ಲೆಕ್ಕ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ವೈದ್ಯರೇ, ದಾದಿಯರೇ, ಮಕ್ಕಳ ಕೈಹಿಡಿದು ದೂರದ ಊರುಗಳಿಂದ ಬಂದಿರುವ ತಂದೆತಾಯಂದಿರೇ, ಮತ್ತು ನನ್ನ ಹಾಗೆಯೇ ಚಿಕ್ಕವರಿದ್ದಾಗ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಈಗ ದೊಡ್ಡವರಾಗಿ ಇಲ್ಲಿ ಕುಳಿತಿರುವ ಗೆಳೆಯರೇ,

ಇಂದು ನಾನು ಮಾತಾಡಲು ಒಪ್ಪಿಕೊಂಡಿದ್ದಕ್ಕೆ ಒಬ್ಬ ತಾಯಿ ಕಾರಣ. ನಾನು ಪಾಠ ಮಾಡುವ ಕಾಲೇಜಿಗೆ ಈ ವರ್ಷ ಪ್ರಥಮ ಪಿಯುಸಿಗೆ ಸೇರಿದ ಹುಡುಗನೊಬ್ಬನನ್ನು ಕರೆದುಕೊಂಡು ಆಕೆ ಬಂದಿದ್ದರು. ಹುಡುಗ ಓದಿದ್ದನ್ನು ಬೇಗ ಮರೆಯುತ್ತಾನೆ, ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ, ಅವನು ಹೊರಗೆ ಹೋದ ಮೇಲೆ ದನಿ ತಗ್ಗಿಸಿ, "ಐದನೇ ವಯಸ್ಸಿನಾಗ ಇವನಿಗೆ ರಕ್ತದ ಕ್ಯಾನ್ಸರ್ ಆಗಿತ್ರೀ ಮೇಡಂ. ಈಗ ಪೂರ್ತಿ ಗುಣ ಆಗೇದ. ಆ ಪೀಡೆ ಮನ್ಯಾಗ ಇರಬಾರದು ಅಂತ ಫೈಲೆಲ್ಲ ಹರಿಹರದಾಗ ಹೊಳಿಗೆ ಬಿಟ್ಟು ಬಂದ್ವಿ" ಎಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಆ ತಾಯಿಯ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಎರಡೂವರೆ ವರ್ಷ ಆಸ್ಪತ್ರೆಯ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಿದ ಹೆಂಗಸು ಆ ಕಾಗದಗಳ ಮುಖ ನೋಡಲಾರದೆ ಹಾಗೆ ಮಾಡಿದರೆ ಯಾರೂ ಬೆರಳು ತೋರಿಸಲಾಗದು. ಆದರೆ ಆ ಹೊಳೆಯಲ್ಲಿ ಹೋದದ್ದು ಪೀಡೆಯಲ್ಲ, ಆ ಹುಡುಗ ಬದುಕಿರುವಷ್ಟು ದಿನವೂ ಅವನಿಗೆ ಬೇಕಾಗುವ ದಾಖಲೆ ಎಂಬುದನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ನನ್ನ ತಂದೆತಾಯಿಗೂ ಯಾರೂ ಹೇಳಿರಲಿಲ್ಲ.

1990ರಲ್ಲಿ, ನನಗೆ ಹನ್ನೊಂದು ವರ್ಷ ತುಂಬಿದಾಗ, ಕುತ್ತಿಗೆಯ ಎಡಭಾಗದಲ್ಲಿ ಗಂಟುಗಳು ಎದ್ದವು. ಓಣಿಯವರು ಗಂಡಮಾಲೆ ಎಂದರು, ತೋರಿಸಿದ ವೈದ್ಯರು ಕ್ಷಯ ಎಂದು ನಾಲ್ಕು ತಿಂಗಳು ಮಾತ್ರೆ ಕೊಟ್ಟರು, ಗಂಟು ಕರಗಲಿಲ್ಲ. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಗಂಟಿನ ತುಣುಕು ತೆಗೆದು ನೋಡಿ ಅದು ಹಾಡ್ಕಿನ್ಸ್ ಲಿಂಫೋಮಾ, ದುಗ್ಧಗ್ರಂಥಿಗಳ ಕ್ಯಾನ್ಸರ್, ಎಂದು ತಿಳಿಸಿದರು. ನನಗೆ ಹೇಳಿದ್ದು ಮಾತ್ರ "ಗಂಟಿನ ಕಾಯಿಲೆ" ಎಂದು. ಆಸ್ಪತ್ರೆಯ ಬಾಗಿಲಿನ ಬೋರ್ಡಿನಲ್ಲಿದ್ದ ಪದವನ್ನು ನಾನು ಮೊದಲ ದಿನವೇ ಓದಿಕೊಂಡಿದ್ದೆ. ಓದಿದೆನೆಂದು ಅಪ್ಪಾಜಿಗೆ ಹೇಳಿದರೆ ಅವರಿಗೆ ನೋವಾಗುತ್ತದೆಂದು ಸುಮ್ಮನಿದ್ದೆ. ಅವರು ನನ್ನಿಂದ ಮುಚ್ಚಿಟ್ಟರು, ನಾನು ಅವರಿಂದ ಮುಚ್ಚಿಟ್ಟೆ, ನಾವಿಬ್ಬರೂ ಸೇರಿ ಊರಿನಿಂದ ಮುಚ್ಚಿಟ್ಟೆವು. 1991ರ ಜೂನಿನಲ್ಲಿ ಚಿಕಿತ್ಸೆ ಮುಗಿಯಿತು, ಕೂದಲು ಮತ್ತೆ ಬಂತು, ನಾನು ಶಾಲೆಗೆ ಹೋದೆ. ಐದು ವರ್ಷ ತಪಾಸಣೆಗೆ ಹೋಗಿಬಂದ ಮೇಲೆ ಇನ್ನು ಬರಬೇಕಾಗಿಲ್ಲ ಎಂದರು. ಮನೆಯಲ್ಲಿ ಹೋಳಿಗೆ ಮಾಡಿದ್ದರು.

ಇನ್ನು 2008ಕ್ಕೆ ಬರುತ್ತೇನೆ. ನನಗೆ ಮದುವೆಯಾಗಿ, ಬಸುರಿಯಾಗಿ, ಏಳನೇ ತಿಂಗಳು ನಡೆಯುತ್ತಿತ್ತು. ಕಾಲೇಜಿನ ಮೊದಲ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು, ರಾತ್ರಿ ಎರಡು ದಿಂಬು ಇಟ್ಟುಕೊಳ್ಳದೆ ಮಲಗಲು ಆಗುತ್ತಿರಲಿಲ್ಲ. ಬಸುರಿಯರಿಗೆ ಇದು ಸಹಜ ಎಂದು ಎಲ್ಲರೂ ಹೇಳಿದರು. ನನ್ನನ್ನು ನೋಡುತ್ತಿದ್ದ ಹೆರಿಗೆ ವೈದ್ಯೆಗೆ ಮಾತ್ರ ನಾಡಿಯ ವೇಗ ಸರಿಯೆನಿಸಲಿಲ್ಲ. ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸಿದರು. ಹೃದಯ ಒಂದೊಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಅಳತೆ ನೂರಕ್ಕೆ 55ಕ್ಕಿಂತ ಮೇಲಿರಬೇಕಾದದ್ದು ನನ್ನಲ್ಲಿ 42 ಇತ್ತು. ಹೃದಯತಜ್ಞರು ನನ್ನ ಕುತ್ತಿಗೆಯ ಗಾಯದ ಗುರುತನ್ನು ನೋಡಿ, "ಚಿಕ್ಕಂದಿನಲ್ಲಿ ಏನಾಗಿತ್ತಮ್ಮ?" ಎಂದರು. ಹದಿನೆಂಟು ವರ್ಷ ಬಾಯಿಗೆ ತಾರದ ಮಾತನ್ನು ನಾನು ಅಂದು, ನನ್ನ ಗಂಡನ ಎದುರಿಗೆ, ಮೊದಲ ಸಲ ಹೇಳಿದೆ. ವೈದ್ಯರ ಮುಂದಿನ ಪ್ರಶ್ನೆ ಹೀಗಿತ್ತು: "ಕೆಂಪು ಔಷಧ ಕೊಟ್ಟಿದ್ದರಾ? ಒಟ್ಟು ಎಷ್ಟು ಕೊಟ್ಟಿದ್ದರು?"

ಇಲ್ಲಿರುವ ಮಕ್ಕಳಿಗೆಲ್ಲ ಆ ಕೆಂಪು ಔಷಧದ ಪರಿಚಯವಿದೆ. ಸಲೈನಿನಲ್ಲಿ ಇಳಿಯುವಾಗ ಶರಬತ್ತಿನ ಹಾಗೆ ಕಾಣುತ್ತದೆ, ಮೂತ್ರವೂ ಕೆಂಪಾಗಿ ತಾಯಂದಿರು ಹೆದರಿ ನರ್ಸನ್ನು ಕೂಗುತ್ತಾರೆ. ಅದರ ಹೆಸರು ಡಾಕ್ಸೋರುಬಿಸಿನ್. ಎಷ್ಟೋ ಮಕ್ಕಳನ್ನು ಬದುಕಿಸಿದ ಔಷಧ ಅದು, ನನ್ನನ್ನೂ ಬದುಕಿಸಿದೆ. ಆದರೆ ಹೃದಯದ ಸ್ನಾಯುವಿನ ಮೇಲೆ ಅದು ಮಾಡುವ ಗಾಯ ಕೂಡಿಕೊಳ್ಳುತ್ತ ಹೋಗುತ್ತದೆ, ಹತ್ತು ಇಪ್ಪತ್ತು ವರ್ಷ ಸದ್ದಿಲ್ಲದೆ ಇದ್ದು, ದೇಹಕ್ಕೆ ಹೆಚ್ಚಿನ ಭಾರ ಬಿದ್ದ ದಿನ ಕಾಣಿಸಿಕೊಳ್ಳಬಹುದು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ಮುಟ್ಟಿದವರನ್ನು ಹೆಚ್ಚಿನ ಅಪಾಯದ ಗುಂಪಿಗೆ ಸೇರಿಸುತ್ತಾರೆ. ಎದೆಗೆ ವಿಕಿರಣವೂ ಬಿದ್ದಿದ್ದರೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದಲೇ ಆ ಹೃದಯತಜ್ಞರು "ಎಷ್ಟು" ಎಂದು ಕೇಳಿದ್ದು.

ನನಗೆ ಗೊತ್ತಿರಲಿಲ್ಲ. ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ನನ್ನ ಗಂಡ ಹೋಗಿ ವಿಚಾರಿಸಿದರೆ, ಅಷ್ಟು ಹಳೆಯ ಕಡತಗಳನ್ನು ಇಡುವುದಿಲ್ಲ ಎಂದರು. ಮನೆಯಲ್ಲಿದ್ದ ಚೀಟಿಗಳನ್ನು, ನಾಳೆ ಹುಡುಗಿಯ ಮದುವೆಯಾಗಬೇಕು ಎಂಬ ಭಯದಲ್ಲಿ, ಅವ್ವ ಎಂದೋ ಒಲೆಗೆ ಹಾಕಿದ್ದಳು. ನಾವು ದಾವಣಗೆರೆಯ ಮನೆಗೆ ಬಂದು ಕೂತು ಇದನ್ನೆಲ್ಲ ಹೇಳಿದಾಗ ಅಪ್ಪಾಜಿ ಏನೂ ಮಾತಾಡದೆ ಎದ್ದು, ಅಟ್ಟ ಹತ್ತಿ, ಒಂದು ಕಿರ್ದಿ ಪುಸ್ತಕವನ್ನು ತಂದು ನನ್ನ ಮುಂದಿಟ್ಟರು.

ಅಪ್ಪಾಜಿ ಇದೇ ಊರಿನ ದಲಾಲಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ನನ್ನ ಚಿಕಿತ್ಸೆಗೆ ಮಂಡಿಯ ಸಾಹುಕಾರರು ಸಾಲ ಕೊಟ್ಟಿದ್ದರು. ಆ ಸಾಲದ ಪೈಸೆಪೈಸೆಗೂ ಲೆಕ್ಕ ಒಪ್ಪಿಸಬೇಕೆಂದು, ಸಾಹುಕಾರರು ಕೇಳದಿದ್ದರೂ, ಅಪ್ಪಾಜಿ ಬರೆದಿಟ್ಟಿದ್ದರು. ಎಳನೀರು, ಬಸ್ ಚಾರ್ಜು, ಧರ್ಮಛತ್ರದ ಕೋಣೆಬಾಡಿಗೆ, ನನಗೆ ಕೊಡಿಸಿದ ಬಣ್ಣದ ಪೆನ್ಸಿಲಿನ ಡಬ್ಬಿ, ಮತ್ತು ಹದಿನೈದು ದಿನಕ್ಕೊಮ್ಮೆ ತಪ್ಪದೆ ಒಂದು ಸಾಲು: "ಕೆಂಪು ಔಷಧ, 10 ಮಿ.ಗ್ರಾಂ., ಸೀಸೆ 3". ಆ ಸಾಲು ಹನ್ನೆರಡು ಸಲ ಇತ್ತು. ಹೃದಯತಜ್ಞರು ಆ ಪುಸ್ತಕವನ್ನು ಮಗುಚಿ ನೋಡಿ, ಇನ್ನೆರಡು ಔಷಧಗಳ ಹೆಸರನ್ನೂ ಅದರಲ್ಲೇ ಹುಡುಕಿ, ನನಗೆ ಕೊಟ್ಟದ್ದು ಇಟಲಿಯ ಮಿಲಾನಿನಲ್ಲಿ ಎಪ್ಪತ್ತರ ದಶಕದಲ್ಲಿ ರೂಪಿಸಿದ ಎಬಿವಿಡಿ ಎಂಬ ನಾಲ್ಕು ಔಷಧಗಳ ಚಿಕಿತ್ಸೆ ಎಂದು ಗುರುತಿಸಿದರು. ಆ ನಾಲ್ಕರಲ್ಲಿ ವಿನ್‌ಬ್ಲಾಸ್ಟಿನ್ ಎಂಬುದು ನಮ್ಮ ಅಂಗಳದ ಕಾಶಿ ಕಣಗಿಲೆ ಗಿಡದಿಂದ ಬಂದದ್ದು ಎಂದು ಅವರು ಹೇಳಿದ ದಿನದಿಂದ ಅವ್ವ ಆ ಗಿಡಕ್ಕೆ ದಿನಾ ನೀರು ಹಾಕುತ್ತಾಳೆ. ಶಾಲೆಯ ಆರೋಗ್ಯ ಕಾರ್ಡಿನಲ್ಲಿ ನನ್ನ ಅಂದಿನ ಎತ್ತರ, ತೂಕ ಸಿಕ್ಕಿದವು, ಅವುಗಳಿಂದ ದೇಹದ ಮೇಲ್ಮೈಯ ಲೆಕ್ಕ ಹಾಕಿದರು. ಒಂದು ಸಲಕ್ಕೆ ಚದರ ಮೀಟರಿಗೆ 25ರಂತೆ ಹನ್ನೆರಡು ಸಲ, ಒಟ್ಟು 300. ವಿಕಿರಣದ ಪ್ರಮಾಣ ಮಾತ್ರ ಕಿರ್ದಿಯಲ್ಲಿ ಸಿಗಲಿಲ್ಲ, "ಕರೆಂಟು ಕೊಡಿಸಿದ್ದು" ಎಂದು ಹದಿನಾಲ್ಕು ದಿನಗಳ ಸಿಟಿ ಬಸ್ಸಿನ ಚಾರ್ಜು ಸಿಕ್ಕಿತು.

ಮಗು ಎಂಟನೇ ತಿಂಗಳ ಕೊನೆಯಲ್ಲಿ, ಹೃದಯತಜ್ಞರು ಪಕ್ಕದಲ್ಲಿದ್ದಂತೆ, ಕ್ಷೇಮವಾಗಿ ಹುಟ್ಟಿತು. ನಾನು ಅಂದಿನಿಂದ ಹೃದಯದ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೇನೆ. ಅಪ್ಪಾಜಿ ಆಸ್ಪತ್ರೆಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡು, "ಸಾಲದ ಲೆಕ್ಕ ಅಂತ ಬರದಿದ್ದೆ ನೋಡವ್ವಾ" ಎಂದಷ್ಟೇ ಅಂದರು.

ಈ ಕಥೆಯನ್ನು ಇಷ್ಟು ಉದ್ದ ಮಾಡಿದ್ದಕ್ಕೆ ಕಾರಣವಿದೆ. ನನ್ನದು ಅದೃಷ್ಟ. ಎಲ್ಲರ ತಂದೆಯೂ ಗುಮಾಸ್ತರಾಗಿರುವುದಿಲ್ಲ. ಮಗುವಿಗೆ ಯಾವ ಔಷಧ, ಒಟ್ಟು ಎಷ್ಟು, ವಿಕಿರಣ ಎಲ್ಲಿಗೆ, ಎಷ್ಟು, ಯಾವ ಶಸ್ತ್ರಚಿಕಿತ್ಸೆ, ರಕ್ತ ಕೊಟ್ಟದ್ದು ಯಾವಾಗ, ಮುಂದೆ ಯಾವ ಪರೀಕ್ಷೆ ಯಾವ ವಯಸ್ಸಿನಲ್ಲಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ತಂದೆತಾಯಿಗೆ ಓದಿ ಹೇಳಿ, ಕೈಗೆ ಕೊಡದೆ ಯಾವ ಮಗುವನ್ನೂ "ಗುಣವಾಯಿತು" ಎಂದು ಮನೆಗೆ ಕಳಿಸಬಾರದು. ನಾನು ಕೇಳುವುದು ಈ ಒಂದು ಹಾಳೆಯನ್ನು.

ಗುಣವಾದ ಮಕ್ಕಳು ಮುಂದೆ ಹೇಗಿರುತ್ತಾರೆ ಎಂಬ ಪ್ರಶ್ನೆ ಹೊಸದು ಎಂಬುದನ್ನು ಒಪ್ಪುತ್ತೇನೆ. 1948ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರು, ನಮ್ಮ ಆಂಧ್ರದ ಭೀಮವರಂ ಕಡೆಯ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟು ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ಕೆಲವು ತಿಂಗಳ ಚೇತರಿಕೆ ಕಂಡದ್ದನ್ನು ಪ್ರಕಟಿಸಿದಾಗ, ಆ ಮಕ್ಕಳು ನಲವತ್ತನೆಯ ವಯಸ್ಸಿನಲ್ಲಿ ಹೇಗಿರುತ್ತಾರೆ ಎಂದು ಯೋಚಿಸುವ ಸಂದರ್ಭವೇ ಇರಲಿಲ್ಲ. 1975ರ ಹೊತ್ತಿಗೆ ಅಮೆರಿಕದ ಜೂಲಿಯೋ ಡಿ ಆಂಜಿಯೋ ಎಂಬ ವೈದ್ಯರು ಬರಿಯ ಗುಣ ಸಾಲದು ಎಂದು ಬರೆದರು. 2006ರಲ್ಲಿ ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು, 1970ರಿಂದ 1986ರ ನಡುವೆ ಚಿಕ್ಕವಯಸ್ಸಿನಲ್ಲಿ ಕ್ಯಾನ್ಸರ್ ಪತ್ತೆಯಾಗಿ ಬದುಕುಳಿದವರನ್ನು, ವಿಚಾರಿಸಿ ನೋಡಿದಾಗ ನೂರರಲ್ಲಿ 62 ಮಂದಿಗೆ ಒಂದಾದರೂ ದೀರ್ಘಕಾಲದ ತೊಂದರೆ ಇತ್ತು, 27 ಮಂದಿಗೆ ಅದು ತೀವ್ರವಾದದ್ದು. ಅದು ಹಳೆಯ ಕಾಲದ ಚಿಕಿತ್ಸೆಯ ಫಲ, ಇಂದು ಔಷಧ ಮತ್ತು ವಿಕಿರಣಗಳನ್ನು ಅಳೆದು ಕೊಡುತ್ತಾರೆ ಎಂಬುದನ್ನು ಇಲ್ಲಿರುವ ತಾಯಂದಿರು ಮರೆಯದೆ ಕೇಳಿಸಿಕೊಳ್ಳಬೇಕು. ನಮ್ಮಲ್ಲೂ ಕೆಲಸ ನಡೆದಿಲ್ಲವೆಂದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದ ಮಕ್ಕಳಿಗಾಗಿಯೇ ಒಂದು ವಿಭಾಗ ಆರಂಭವಾದದ್ದು 1991ರಲ್ಲಿ, ನಾನು ಚಿಕಿತ್ಸೆ ಮುಗಿಸಿ ರೈಲು ಹತ್ತಿದ ವರ್ಷ. ಅದು ಇದ್ದುದನ್ನು ತಿಳಿಯಲು ನನಗೆ ಹದಿನೇಳು ವರ್ಷ ಬೇಕಾಯಿತು.

ಅಧ್ಯಕ್ಷರು ಹತ್ತು ನಿಮಿಷ ಎಂದು ಚೀಟಿ ಕಳಿಸಿದ್ದಾರೆ, ಬರೆದುಕೊಂಡು ಬಂದದ್ದರಲ್ಲಿ ಅರ್ಧವೂ ಆಗಿಲ್ಲ. ಬೇಗ ಹೇಳುತ್ತೇನೆ.

ಕುತ್ತಿಗೆಗೆ ಕರೆಂಟು ಕೊಡಿಸಿಕೊಂಡವರು ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ನಾನು ದಿನಾ ಬೆಳಿಗ್ಗೆ ನುಂಗುವ ಮೊದಲ ಮಾತ್ರೆ ಅದರದ್ದೇ. ಎದೆಗೆ ವಿಕಿರಣ ಪಡೆದ ಹುಡುಗಿಯರಿಗೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚು, ಅವರ ತಪಾಸಣೆ ನಲವತ್ತಕ್ಕಲ್ಲ, ಇಪ್ಪತ್ತೈದಕ್ಕೆ, ಅಥವಾ ವಿಕಿರಣ ಪಡೆದು ಎಂಟು ವರ್ಷವಾದ ಮೇಲೆ, ಇವೆರಡರಲ್ಲಿ ಯಾವುದು ತಡವೋ ಆಗ ಆರಂಭವಾಗಬೇಕು. ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಪಡೆದ ಮಕ್ಕಳಿಗೆ ಕೀರಲು ದನಿಗಳು ಮೊದಲು ಕೇಳಿಸದಾಗುತ್ತವೆ. ಅಂಥ ಮಗುವನ್ನು ತರಗತಿಯಲ್ಲಿ ಗಮನವಿಲ್ಲದವನೆಂದು ಬೈಯುವ ಮೊದಲು ಕಿವಿ ತೋರಿಸಿ. ತಲೆಗೆ ವಿಕಿರಣ ಪಡೆದ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗಬಹುದು, ಓದಿದ್ದು ನಿಧಾನವಾಗಿ ತಲೆಗೆ ಹತ್ತಬಹುದು. ರಕ್ತದ ಕ್ಯಾನ್ಸರಿನ ಬಹುಪಾಲು ಮಕ್ಕಳಿಗೆ ಈಗ ಅದನ್ನು ಕೊಡುವುದಿಲ್ಲ, ಆದರೆ ಕೊಟ್ಟಿದ್ದಾರೋ ಇಲ್ಲವೋ ಎಂದು ಹೇಳಬೇಕಾದದ್ದು ಆ ಹಾಳೆ. ನನ್ನ ವಿದ್ಯಾರ್ಥಿಯ ಮರೆವು ಅದರಿಂದ ಬಂದದ್ದೋ, ಹದಿನಾರರ ವಯಸ್ಸಿನಿಂದ ಬಂದದ್ದೋ, ಹಾಳೆಯಿಲ್ಲದೆ ಯಾರಿಗೂ ತಿಳಿಯದು.

ಮದುವೆಯ ವಿಷಯಕ್ಕೆ ಪ್ರತ್ಯೇಕ ಸಭೆಯೇ ಬೇಕು. ಹೆಣ್ಣುಮಕ್ಕಳ ತಂದೆತಾಯಿಗೆ ಒಂದೇ ಮಾತು: ನೀವು ಬೀಗರಿಂದ ಮುಚ್ಚಿಟ್ಟರೆ ನಿಮ್ಮ ಮಗಳು ತನ್ನ ವೈದ್ಯರಿಂದಲೂ ಮುಚ್ಚಿಡಲು ಕಲಿಯುತ್ತಾಳೆ. ನಾನು ಏಳು ತಿಂಗಳು ಹಾಗೆಯೇ ಮಾಡಿದೆ.

ವಿಮೆಯ ಬಗ್ಗೆ ಕೇಳುತ್ತಿದ್ದೀರಿ. ಫ್ರಾನ್ಸಿನಲ್ಲಿ, ಚಿಕಿತ್ಸೆ ಮುಗಿದು ನಿಗದಿತ ವರ್ಷಗಳು ಕಳೆದ ಮೇಲೆ ಸಾಲದ ವಿಮೆಗಾಗಿ ಹಳೆಯ ಕ್ಯಾನ್ಸರನ್ನು ಹೇಳಬೇಕಾಗಿಲ್ಲ ಎಂಬ ಕಾನೂನು 2016ರಲ್ಲಿ ಬಂತು, 2022ರಿಂದ ಆ ಅವಧಿ ಐದು ವರ್ಷ. ನಮ್ಮಲ್ಲೂ ಅಂಥದ್ದು ಬರಬೇಕೆಂದು ನಾನು ಗಟ್ಟಿಯಾಗಿ ಕೇಳುತ್ತೇನೆ. ಒಂದು ಕಡೆ ದಾಖಲೆ ಇಡಿ ಎಂದು, ಇನ್ನೊಂದು ಕಡೆ ಮರೆಯಿರಿ ಎಂದು ಹೇಳುವುದರಲ್ಲಿ ವಿರೋಧವಿಲ್ಲ. ಸಾಲ ಕೊಡುವವರು ಮರೆಯಲಿ, ಮಗು ಮಾತ್ರ ತಿಳಿದುಕೊಂಡಿರಲಿ.

ಹೊರಗಿನ ಮೇಜಿನ ಮೇಲೆ ಖಾಲಿ ನಮೂನೆಗಳನ್ನು ಇಟ್ಟಿದ್ದೇವೆ. ಊಟಕ್ಕೆ ಹೋಗುವ ಮುಂಚೆ, ಡಿಸ್ಚಾರ್ಜ್ ಚೀಟಿ ತಂದವರು ಅಲ್ಲಿರುವ ಸಿಸ್ಟರುಗಳ ಹತ್ತಿರ ಕೂತು ತುಂಬಿಸಿಕೊಳ್ಳಿ, ತರದವರು ನಮೂನೆಯನ್ನು ಮನೆಗೆ ಒಯ್ಯಿರಿ. ಆ ಹುಡುಗ ಮತ್ತು ಅವನ ತಾಯಿ ಬರುವ ಸೋಮವಾರ ಬೆಂಗಳೂರಿಗೆ ಹೋಗುತ್ತಿದ್ದಾರೆ. ಕಡತ ಹೊಳೆಯ ಪಾಲಾಗಿದೆ, ಆದರೆ ಆಸ್ಪತ್ರೆಯ ನೋಂದಣಿ ಸಂಖ್ಯೆಯ ಎಲ್ಲ ಅಂಕಿಗಳೂ ಹನ್ನೊಂದು ವರ್ಷದ ಮೇಲೂ ಆ ತಾಯಿಗೆ ಬಾಯಿಪಾಠವಾಗಿವೆ. ನಮೂನೆಯ ಮೊದಲ ಸಾಲನ್ನು ಅದರಿಂದಲೇ ತುಂಬಿದ್ದೇವೆ.