ಯಾಕೆ ಅಂತ ಕೇಳಬೇಡಿ, ಹೇಗೆ ಅಂತ ಕೇಳಿ

[ಪರದೆ: ಎರಡು ಮುಖಗಳ ಫೋಟೋ]

ನಮಸ್ಕಾರ. ಈ ಎರಡು ಮುಖಗಳಲ್ಲಿ ನಿಮಗೆ ಯಾವುದು ಇಷ್ಟ? ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಜನರನ್ನು ಕೂರಿಸಿಕೊಂಡು ಇದನ್ನೇ ಕೇಳಿದರು. ಆಮೇಲೆ ಕೈಚಳಕ ಮಾಡಿ, ಬೇಡ ಅಂದ ಫೋಟೋವನ್ನೇ ಕೈಗೆ ಕೊಟ್ಟು, ಇದನ್ನು ಯಾಕೆ ಆರಿಸಿದಿರಿ ಅಂದರು. ಹೆಚ್ಚಿನವರಿಗೆ ಅದಲುಬದಲು ಆಗಿದ್ದು ಗೊತ್ತೇ ಆಗಲಿಲ್ಲ. ಮೇಲಿಂದ ಕಾರಣ ಬೇರೆ ಕೊಟ್ಟರು! ಒಬ್ಬರಂತೂ ಕಿವಿಯೋಲೆ ಇಷ್ಟ ಆಯ್ತು ಅಂದರು. ಅವರು ನಿಜವಾಗಿ ಆರಿಸಿದ್ದ ಮುಖದಲ್ಲಿ ಓಲೆಯೇ ಇರಲಿಲ್ಲ.

ಇದು 2005ರ ಪ್ರಯೋಗ. ಇದನ್ನು ನೋಡಿ, ಜನ ತಮ್ಮ ಮನಸ್ಸಿನ ಬಗ್ಗೆ ಹೇಳುವ ಮಾತಿಗೆ ಬೆಲೆಯೇ ಇಲ್ಲ ಅನ್ನುವುದು ಸುಲಭ. ಸ್ವಲ್ಪ ಆತುರದ ತೀರ್ಪು ಅಲ್ವಾ?

ಫ್ರಾನ್ಸಿನ ಸಂಶೋಧಕಿ ಕ್ಲೇರ್ ಪೆತಿಮಾಂಜ್ಯಾಂ ಅವರ ತಂಡ ಇದೇ ಪ್ರಯೋಗವನ್ನು ಮತ್ತೆ ಮಾಡಿತು. ಆದರೆ ಕೆಲವು ಆಯ್ಕೆಗಳಾದ ಮೇಲೆ, ಮಾತಾಡಿಸುವುದರಲ್ಲಿ ಪಳಗಿದವರೊಬ್ಬರು ಕೂತು ಅವುಗಳ ಬಗ್ಗೆ ಮಾತಾಡಿಸಿದರು. ಈ ಪದ್ಧತಿಯಲ್ಲಿ ‘ಯಾಕೆ’ ಅಂತ ಕೇಳುವುದಿಲ್ಲ. ಕೇಳಿದರೆ ನಾವು ಸುಮ್ನೆ ಕಾರಣ ಹೆಣೆಯುತ್ತೇವೆ. ಅದರ ಬದಲು ಆ ಕ್ಷಣಕ್ಕೆ ವಾಪಸ್ ಕರೆದೊಯ್ಯುತ್ತಾರೆ. ಮೊದಲು ಕಣ್ಣು ಎಲ್ಲಿಗೆ ಹೋಯಿತು? ಆಗ ಒಳಗೆ ಏನಾಯಿತು? ಹೀಗೆ ಮಾತಾಡಿಸಿದಾಗ 80% ಸಲ ಜನ ಮೋಸವನ್ನು ಹಿಡಿದರು. 2013ರಲ್ಲಿ ಬಂದ ಫಲಿತಾಂಶ ಇದು.

[ಪರದೆ: ತಲೆಗೆ ಇಇಜಿ ಟೋಪಿ]

ಈಗ ಮೆದುಳಿಗೆ ಬರೋಣ. ಚಿಲಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಕೆಲಸ ಮಾಡಿದ ಫ್ರಾನ್ಸಿಸ್ಕೊ ವರೇಲಾ 1996ರಲ್ಲಿ ಒಂದು ದಾರಿ ಸೂಚಿಸಿದರು. ಹೆಸರು ನ್ಯೂರೋಫೆನೋಮೆನಾಲಜಿ. ಹೆಸರಿಗೆ ಹೆದರಬೇಡಿ. ಮೆದುಳನ್ನು ಅಳೆಯಿರಿ, ಅದರ ಜೊತೆಗೇ ಆ ಮನುಷ್ಯನಿಗೆ ಏನನ್ನಿಸಿತು ಅಂತಲೂ ಜಾಗ್ರತೆಯಿಂದ ಕೇಳಿ, ಎರಡೂ ಒಂದನ್ನೊಂದು ತಿದ್ದಲಿ ಅಂದರು, ಅಷ್ಟೇ.

ಅವರ ಶಿಷ್ಯ ಆಂಟ್ವಾನ್ ಲುಟ್ಜ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ಪರದೆ ತುಂಬಾ ಚುಕ್ಕಿ. ದಿಟ್ಟಿಸುತ್ತಿದ್ದರೆ ಒಮ್ಮೆಲೇ ಒಂದು ಆಕಾರ ಉಬ್ಬಿ ಬರುತ್ತದೆ. ಕಂಡ ಕೂಡಲೇ ಬಟನ್ ಒತ್ತಬೇಕು. ಆಮೇಲೆ, ಅದಕ್ಕೂ ಮುಂಚೆ ಮನಸ್ಸು ಹೇಗಿತ್ತು ಅಂತ ಹೇಳಬೇಕು. ಪೂರ್ತಿ ಸಿದ್ಧವಿತ್ತಾ, ಚದುರಿತ್ತಾ, ಇನ್ನೆಲ್ಲೋ ಇತ್ತಾ? ಈ ವಿಂಗಡಣೆ ಹುಟ್ಟಿದ್ದೂ ಅವರವರ ಮಾತಿನಿಂದಲೇ.

ಆ ಪ್ರಕಾರ ಇಇಜಿಯನ್ನು, ಅಂದರೆ ಆಗ ತಲೆಯ ಮೇಲಿನ ಟೋಪಿ ದಾಖಲಿಸಿದ ಮೆದುಳಿನ ವಿದ್ಯುತ್ ತರಂಗಗಳನ್ನು, ವಿಂಗಡಿಸಿದಾಗ ವಿಷಯ ಹೊರಬಿತ್ತು. ಸಿದ್ಧವಿದ್ದೆ ಅಂದ ಸಲಗಳಲ್ಲಿ, ಆಕಾರ ಕಾಣುವ ಮುಂಚೆಯೇ ಮೆದುಳಿನ ಮುಂಭಾಗದ ತರಂಗಗಳು ಒಂದೇ ಲಯಕ್ಕೆ ಬಂದಿದ್ದವು. ಉತ್ತರವೂ ಬೇಗ ಬಂತು. ಮನಸ್ಸು ಇನ್ನೆಲ್ಲೋ ಇದ್ದಾಗ ಆ ಲಯ ಇರಲಿಲ್ಲ. ಸಾಮಾನ್ಯವಾಗಿ ಇಂಥ ವ್ಯತ್ಯಾಸವನ್ನೆಲ್ಲ ಲೆಕ್ಕಕ್ಕೆ ಬಾರದ ಗದ್ದಲ ಅಂತ ಸರಾಸರಿಯಲ್ಲಿ ಮುಳುಗಿಸಿಬಿಡುತ್ತಾರೆ.

2002ರ ಈ ಅಧ್ಯಯನದಲ್ಲಿದ್ದವರು ನಾಲ್ಕೇ ಜನ. ಅನುಭವ ಅನ್ನುವುದು ಯಾಕಾದರೂ ಇದೆ ಅನ್ನೋದಕ್ಕೆ ಇದರಲ್ಲಿ ಉತ್ತರವೂ ಇಲ್ಲ. ನನಗೆ ಇದರ ನಿಜವಾದ ಉಪಯೋಗ ಕಾಣುವುದು ಬೇರೆ ಕಡೆ. ಪೆತಿಮಾಂಜ್ಯಾಂ ಫಿಟ್ಸ್ ಬರುವ ರೋಗಿಗಳನ್ನೂ ಹೀಗೇ ಮಾತಾಡಿಸಿದ್ದಾರೆ, ಫಿಟ್ಸ್‌ಗೆ ಮುಂಚೆ ಏನಾದರೂ ಸುಳಿವು ಸಿಗುತ್ತದಾ ಅಂತ. ಸಿಕ್ಕರೆ, ಕೂತುಕೊಳ್ಳುವುದಕ್ಕೆ, ಒಲೆ ಆರಿಸುವುದಕ್ಕೆ ಸ್ವಲ್ಪ ಸಮಯ ಸಿಗುತ್ತದೆ.