ಮೈಲುತುತ್ತು ತಾರದೆ ಮದ್ದು ಬಿಡು ಅಂದರೆ

ಎಲ್ಲರಿಗೂ ನಮಸ್ಕಾರ.

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಸೊಸೈಟಿ, ಬ್ಯಾಂಕುಗಳಲ್ಲಿ ಕೆಲಸ ಮಾಡುವವರೇ ಇಲ್ಲಿ ಜಾಸ್ತಿ ಇದ್ದೀರಿ. ಹೆಚ್ಚಿನವರ ಮನೆಯಲ್ಲಿ ಅಡಿಕೆ ತೋಟವೂ ಉಂಟು. ಹಾಗಾಗಿ ತೋಟದಿಂದಲೇ ಶುರು ಮಾಡುತ್ತೇನೆ.

ಮಳೆ ಹಿಡಿಯುವ ಮೊದಲು ಮದ್ದು ಬಿಡದಿದ್ದರೆ ಕೊಳೆರೋಗ ಬರುತ್ತದೆ. ಯಜಮಾನ ಆ ಮದ್ದಿಗೆ ಬೇಕಾದ ಮೈಲುತುತ್ತು ತರಲಿಲ್ಲ, ಸುಣ್ಣವನ್ನೂ ತರಲಿಲ್ಲ. ಆಟಿಯಲ್ಲಿ ಕಾಯಿ ಉದುರಿದಾಗ ಮರ ಹತ್ತುವವನಿಗೆ ಬೈದ. ಇದು ನ್ಯಾಯವಾ? ಆದರೆ ಮದ್ದು ತಂದಿಟ್ಟ ಮೇಲೂ ಬಿಡದೆ, 'ಬಿಟ್ಟಾಯಿತು' ಎಂದು ಅವನು ಸುಳ್ಳು ಹೇಳಿದರೆ? ಆಗ ಕೇಳಲೇಬೇಕು, ಅಲ್ವಾ?

ಆಫೀಸಿನ ಕಂಪ್ಯೂಟರಿಗೆ ಕಳ್ಳರು ನುಗ್ಗಿದಾಗಲೂ ನಾನು ಕೇಳುವುದು ಇದನ್ನೇ: ತಪ್ಪು ಮದ್ದು ತಂದುಕೊಡದವನದ್ದಾ, ತಂದರೂ ಬಿಡದವನದ್ದಾ?

2017ರಲ್ಲಿ, ಜನರ ಸಾಲದ ಲೆಕ್ಕ ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯಿತು. ಕಳ್ಳರು ಒಳಬಂದ ಸಾಫ್ಟ್‌ವೇರಿನ ತೂತಿಗೆ ಮಾರ್ಚ್‌ನಲ್ಲೇ ತೇಪೆ, ಅಂದರೆ ಅದನ್ನು ಸರಿಮಾಡುವ ಅಪ್‌ಡೇಟ್, ಸಿಕ್ಕಿತ್ತು. ಎಚ್ಚರಿಕೆಯ ಮೇಲ್ 400ಕ್ಕೂ ಹೆಚ್ಚು ಜನರಿಗೆ ಹೋಗಿತ್ತು. ಆದರೂ ಆ ತೇಪೆ ಹಾಕುವುದು ಯಾರ ಕೆಲಸ ಎಂದು ಅಲ್ಲಿ ಖಚಿತವಾಗಿರಲಿಲ್ಲ. ಕೊನೆಗೆ, ಆ ಮೇಲನ್ನು ಮುಂದಕ್ಕೆ ಕಳಿಸಲಿಲ್ಲ ಎಂದು ಐಟಿಯ ಒಬ್ಬ ಹಿರಿಯ ಅಧಿಕಾರಿಯನ್ನು ತೆಗೆದುಹಾಕಿದರು. 400 ಜನರಿಗೆ ಹೇಳಿದ ಕೆಲಸ ಯಾರಿಗೂ ಹೇಳದ ಹಾಗೆಯೇ.

ದೂರದ ಮಾತು ಬಿಡಿ. ನಾನು ಹಿಂದೆ ಇದ್ದ ಒಂದು ಆಫೀಸಿನಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಬಂದು ಎಲ್ಲ ಲಾಕ್ ಆದವು. ಸಂಜೆಯೊಳಗೆ ಐಟಿ ಹುಡುಗನನ್ನು ಮನೆಗೆ ಕಳಿಸಿದರು. ಹಳೇ ಸರ್ವರ್ ಬದಲಿಸಿ ಎಂದು ಅವನು ಬರೆದುಕೊಟ್ಟಿದ್ದ ಮೂರು ಪತ್ರ ಮ್ಯಾನೇಜರರ ಡ್ರಾವರಿನಲ್ಲೇ ಇದ್ದವು. ನನಗದು ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ಹಾಗೆಂದು ಐಟಿಯವರಿಗೆ ಹೊಣೆಯೇ ಇಲ್ಲ ಅನ್ನುತ್ತಿಲ್ಲ. ಬ್ಯಾಕಪ್ ತೆಗೆದರೆ ಸಾಲದು, ಅದನ್ನು ತೆರೆದು ನೋಡಿದ್ದೀರಾ? ಕೆಲಸ ಬಿಟ್ಟುಹೋದವರ ಲಾಗಿನ್ ಮುಚ್ಚಿದ್ದೀರಾ? ಇದಕ್ಕೆ ದುಡ್ಡು ಬೇಡ, ಗಮನ ಸಾಕು. ಮಾಡದಿದ್ದರೆ ಉತ್ತರ ಕೊಡಬೇಕು. ಎಲ್ಲಕ್ಕಿಂತ ದೊಡ್ಡ ತಪ್ಪು ಮುಚ್ಚಿಡುವುದು. ಕಂಪ್ಯೂಟರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್. ಅದರ 2022ರ ಆದೇಶದ ಪ್ರಕಾರ ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು. ಕೆಲಸ ಹೋಗುತ್ತದೆ ಎಂದು ಹೆದರಿದ ಹುಡುಗ 6 ಗಂಟೆಯಲ್ಲಿ ಹೇಳುತ್ತಾನಾ? ಆಡಳಿತ ಮಂಡಳಿಯವರು ಇದನ್ನು ಯೋಚಿಸಬೇಕು. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಭದ್ರತೆ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಉಂಟು. ಅದು ಬೀಳುವುದು ಸಂಸ್ಥೆಯ ಮೇಲೆ, ಸಂಬಳದವನ ಮೇಲಲ್ಲ.

ಇನ್ನೊಂದು ಮಾತು ನಮ್ಮ ಕಾಸರಗೋಡಿನದ್ದೇ. ಎಚ್ಚರಿಕೆಯ ಸುತ್ತೋಲೆ ಬರುವುದು ಇಂಗ್ಲಿಷಿನಲ್ಲಿ, ಇಲ್ಲವೇ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯ ಗುಮಾಸ್ತರು ಸುಮ್ನೆ ಸಹಿ ಹಾಕಿ ಕೊಡುತ್ತಾರೆ. ನಾಳೆ ಅವರು ತಪ್ಪು ಲಿಂಕ್ ಒತ್ತಿದರೆ ಆ ಸಹಿಯನ್ನೇ ತೋರಿಸಿ ನೋಟಿಸ್ ಕೊಡುವುದು ಸರಿಯಲ್ಲ. ಒಂದೇ ಒಂದು ಹಾಳೆ ಕನ್ನಡದಲ್ಲಿ ಬರೆದು ಕೌಂಟರಿನ ಹತ್ತಿರ ಅಂಟಿಸಿ. ಅನುಮಾನ ಬಂದರೆ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ಆಮೇಲೆ ಇಂಥವರಿಗೆ ಫೋನ್ ಮಾಡಿ ಎಂದು. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಕೆಳಗೆ ಆಡಳಿತ ಮಂಡಳಿಯ ಅಧ್ಯಕ್ಷರ ಸಹಿಯೂ ಇರಲಿ.