ಸ್ಟಾರ್ಟರ್ ಒತ್ತಿದ ಕ್ಷಣ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಐಟಿಐ ಹುಡುಗರು ಮುಂದೆ ಕೂತಿದ್ದೀರಿ, ವೈರ್‌ಮನ್ ಅಣ್ಣಂದಿರು ಹಿಂದೆ. ಅಣ್ಣಂದಿರಿಗೆ ಗೊತ್ತಿರುವುದನ್ನೇ ಹೇಳಿದರೆ ಬೈಕೋಬೇಡಿ.

ನಮ್ಮ ಗಂಗಾವತಿಯಲ್ಲಿ ಅಕ್ಕಿ ಮಿಲ್ಲಿಗೇನು ಬರ? ಅಂಥ ಒಂದು ಮಿಲ್ಲಿನಿಂದ ಫೋನ್ ಬಂತು. ಭತ್ತ ಮೇಲೆತ್ತುವ ಎಲಿವೇಟರಿನ 10 ಎಚ್‌ಪಿ ಮೋಟರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಬೀಳುತ್ತದೆ, ಸಂಜೆ ಬೀಳುವುದಿಲ್ಲ. ಆಗಲೇ ಎರಡು ಎಂಸಿಬಿ ಬದಲಾಯಿಸಿದ್ದರು. ಅಲ್ಲಿನ ಹುಡುಗ ಟಾಂಗ್ ಟೆಸ್ಟರ್, ಅಂದರೆ ವೈರಿನ ಸುತ್ತ ಕ್ಲ್ಯಾಂಪ್ ಹಾಕಿ ಕರೆಂಟ್ ಅಳೆಯುವ ಮೀಟರ್, ಹಾಕಿ ತೋರಿಸಿದ. "ನೋಡಿ ಸರ್, 14 ಆಂಪ್ಸ್. 16ರ ಎಂಸಿಬಿ ಯಾಕೆ ಬೀಳಬೇಕು?"

ಅವನ ಮೀಟರ್ ಸುಳ್ಳು ಹೇಳಿರಲಿಲ್ಲ. ತಡವಾಗಿ ಹೇಳಿತ್ತು, ಅಷ್ಟೇ. ಅದರ ಅಂಕಿ ಸೆಕೆಂಡಿಗೆ ಎರಡು ಮೂರು ಸಲ ಬದಲಾಗುತ್ತದೆ. ಅಷ್ಟರಲ್ಲಿ ಆಗುವುದೆಲ್ಲ ಆಗಿ ಹೋಗಿರುತ್ತದೆ.

ತಿರುಗುವ ಮೋಟರ್ ಒಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತಿರುತ್ತದೆ. ನಿಂತ ಮೋಟರಿಗೆ ಆ ತಡೆ ಇಲ್ಲ. ಹಾಗಾಗಿ ಪೂರ್ತಿ ವೋಲ್ಟೇಜನ್ನು ಒಮ್ಮೆಲೇ ಕೊಡುವ ನೇರ ಸ್ಟಾರ್ಟರಿನಲ್ಲಿ, ಪೂರ್ತಿ ಹೊರೆಯಲ್ಲಿ ಓಡುವಾಗಿನ (ಫುಲ್ ಲೋಡ್) ಕರೆಂಟಿನ ಆರರಿಂದ ಎಂಟು ಪಟ್ಟು ಎಳೆಯುತ್ತದೆ.

ನನ್ನ ಮೀಟರಿನಲ್ಲಿ ಇನ್‌ರಷ್ ಅಂತ ಒಂದು ಬಟನ್ ಇದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ನುಗ್ಗುವ ಕರೆಂಟನ್ನು ಹಿಡಿಯಲು. ಮೋಟರ್ ಪೂರ್ತಿ ನಿಂತ ಮೇಲೆ ಒಂದೇ ಫೇಸ್ ವೈರಿಗೆ ಕ್ಲ್ಯಾಂಪ್ ಹಾಕಿದೆ. ಮೂರೂ ವೈರ್ ಒಟ್ಟಿಗೆ ಹಾಕಿದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ನಗಬೇಡಿ, ನಾನೂ ಒಮ್ಮೆ ಮಾಡಿದ್ದೇನೆ! ಬಟನ್ ಒತ್ತಿದಾಗ ಪರದೆಯ ಮೇಲೆ ಬರೀ ಗೆರೆಗಳು ಬಂದವು. ಕಾಯುತ್ತಿದೆ ಅಂತ ಅರ್ಥ. ಸ್ಟಾರ್ಟರ್ ಒತ್ತಿಸಿದೆ. ಕರೆಂಟ್ ಏರುತ್ತಲೇ ಅದು ಎಚ್ಚೆತ್ತು, ಮೊದಲ 100 ಮಿಲಿಸೆಕೆಂಡನ್ನು ಅಳೆದು ಅಂಕಿಯನ್ನು ಹಿಡಿದು ನಿಲ್ಲಿಸಿತು. 92 ಆಂಪ್ಸ್!

ಅವರ ಎಂಸಿಬಿ ಸಿ ಟೈಪ್. ಅದು ತನ್ನ ರೇಟಿಂಗಿನ 5ರಿಂದ 10 ಪಟ್ಟಿನ ನಡುವೆ ಎಲ್ಲಿ ಬೇಕಾದರೂ ತಟ್ಟನೆ ಬೀಳಬಹುದು. 16ಕ್ಕೆ ಲೆಕ್ಕ ಹಾಕಿ, 80ರಿಂದ 160. ನಮ್ಮ 92 ಸರಿಯಾಗಿ ಆ ಬೇಲಿಯೊಳಗೇ ಇತ್ತು.

ಹಾಗಾದರೆ ಸಂಜೆ ಯಾಕೆ ಬೀಳಲ್ಲ? ವೋಲ್ಟೇಜ್ ನೋಡಿದೆ. ಬೆಳಿಗ್ಗೆ 430, ಸಂಜೆ 380. ವೋಲ್ಟೇಜ್ ಇಳಿದರೆ ಸ್ಟಾರ್ಟಿಂಗ್ ಕರೆಂಟೂ ಇಳಿಯುತ್ತದೆ. ಸಂಜೆ ಅಳೆದಾಗ 81 ಬಂತು, ಬೇಲಿಯ ಅಂಚಿನಲ್ಲಿ. ವೋಲ್ಟೇಜ್ ಚೆನ್ನಾಗಿ ಬರುವ ಹೊತ್ತಿಗೇ ಮಿಲ್ ನಿಲ್ಲುತ್ತಿತ್ತು ಅಂದರೆ ಸಾಹುಕಾರರು ನಂಬಲೇ ಇಲ್ಲ.

ಅವರಾಗಲೇ 32ರ ಎಂಸಿಬಿ ತರಿಸಿಟ್ಟಿದ್ದರು. ಬೇಡ ಅಂದೆ. ಆ ವೈರಿಗೆ ಅದು ಜಾಸ್ತಿ, ಎಂಸಿಬಿ ಬೀಳುವ ಮೊದಲೇ ವೈರ್ ಸುಡುತ್ತದೆ. 16ರದ್ದೇ ಡಿ ಟೈಪ್ ಹಾಕಿದೆವು. ಅದು 10 ಪಟ್ಟು, ಅಂದರೆ 160 ದಾಟುವ ತನಕ ತಟ್ಟನೆ ಬೀಳುವುದಿಲ್ಲ. ಹೊರೆ ಹೆಚ್ಚಾದರೆ ಮೋಟರ್ ನಿಲ್ಲಿಸುವ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಮಾತ್ರ ಮೋಟರಿನ ಪ್ಲೇಟಿನಲ್ಲಿ ಬರೆದ ಆಂಪ್ಸ್ ನೋಡಿಯೇ ಸೆಟ್ ಮಾಡಿದೆ.

ಇನ್ನೊಂದು ಮಾತು. ಒಂದೇ ಸಲ ಅಳೆದು ನಂಬಬೇಡಿ. ಏರಿಳಿಯುವ ವೋಲ್ಟೇಜಿನ ಅಲೆಯಲ್ಲಿ ಸ್ವಿಚ್ ಯಾವ ಗಳಿಗೆಗೆ ಸೇರುತ್ತದೋ ಅದರ ಮೇಲೆ ಅಂಕಿ ಹೆಚ್ಚು ಕಡಿಮೆ ಆಗುತ್ತದೆ. ಮೂರು ಸಲ ನೋಡಿ, ದೊಡ್ಡದನ್ನು ಬರೆದುಕೊಳ್ಳಿ. ನಡುವೆ ಮೋಟರ್ ತಣ್ಣಗಾಗಲಿ.

ಹೊರಗೆ ಒಂದು ಪಂಪ್ ಜೋಡಿಸಿಟ್ಟಿದ್ದೇನೆ. ಎಷ್ಟು ಬರಬಹುದು ಅಂತ ಮೊದಲು ಚೀಟಿಯಲ್ಲಿ ಬರೆಯಿರಿ, ಆಮೇಲೆ ಸ್ಟಾರ್ಟರ್ ಒತ್ತೋಣ.